ಒಂಟಿಕಾಲಿನ ಕ್ಯಾಮೆರಾಮನ್

ಹೊಟ್ಟೆಪಾಡಿಗೆ ಮನುಷ್ಯ ಯಾವ ಕೆಲಸ ಬೇಕಾದರೂ ಮಾಡಲಿ, ಆದರೆ ಅದು ಹೆತ್ತವರು ನಾಲ್ಕು ಜನರಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥ ಕೆಲಸವಾಗಿರಬೇಕು. ಇದು ನಾನು ತಡವಾಗಿ ಕಲಿತ ಪಾಠ. ಮೇಷ್ಟ್ರು ಎಂದರೆ ಮುಗಿಯಿತು. ಬಸ್ ಕಂಡಕ್ಟರ್ ಎಂದರೂ ಮುಗಿಯಿತು. ಮೇಲಾಗಿ ಸಂತೆಯ ದಿನ ಸೀಟು ಹಿಡಿದುಕೊಡಪ್ಪ ಎಂದು ಇಡೀ ಊರು ಮರ್ಯಾದೆಯಿಂದ ಕೇಳುತ್ತದೆ. ನಾನೋ ಸಿನಿಮಾದಲ್ಲಿ ಛಾಯಾಗ್ರಾಹಕನಾದೆ. ಮುಂದೆ ಟೀವಿ ಬಂದ ಮೇಲೆ ಮನೆಮನೆಯಲ್ಲೂ ಅತ್ತೆ ಸೊಸೆಯರು ನನ್ನ ಲೈಟಿನಲ್ಲೇ ಜಗಳವಾಡಿದರು, ಸಾಕ್ಷ್ಯಚಿತ್ರದಲ್ಲಿ ನಾನು ಹಿಡಿದ ನೇಕಾರರ ಮಗ್ಗಗಳನ್ನು ದಿಲ್ಲಿಯವರೂ ನೋಡಿದರು. ಅದೆಲ್ಲ ಆಮೇಲಿನ ಮಾತು. ಎಂಬತ್ತರ ದಶಕದ ಮೊದಲ ಅರ್ಧದಲ್ಲಿ, ತಿರುಪ್ಪೂರಿನ ಹತ್ತಿರದ ಕುನ್ನತ್ತೂರಿನ ನಮ್ಮ ಮನೆಯಲ್ಲಿ, ನಾನು ಮಾಡುವ ಕೆಲಸ ಏನೆಂಬುದು ಯಾರಿಗೂ ಗೊತ್ತಿರಲಿಲ್ಲ.

ತಪ್ಪು ಅವರದಲ್ಲ. ನಮ್ಮದು ತಲೆತಲಾಂತರದಿಂದ ಅಲ್ಲೇ ನೆಲೆಸಿ ಕಡಲೆಕಾಯಿ, ಜೋಳ ಬೆಳೆಯುತ್ತಿರುವ ಕನ್ನಡದ ಮನೆ. ಹೊಸಲಿನೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಓದುಬರಹವೆಲ್ಲ ತಮಿಳಿನಲ್ಲೇ. ತಮಿಳಿನಲ್ಲಿ ಛಾಯಾಗ್ರಹಣಕ್ಕೆ ‘ಒಳಿಪ್ಪದಿವು’ ಎನ್ನುತ್ತಾರೆ, ಬೆಳಕನ್ನು ದಾಖಲು ಮಾಡುವುದು ಎಂದು ಅರ್ಥ. ಅದರ ಪಕ್ಕದಲ್ಲೇ ‘ಒಲಿಪ್ಪದಿವು’ ಎಂಬ ಇನ್ನೊಂದು ಪದವಿದೆ, ಅದು ಸದ್ದನ್ನು ದಾಖಲು ಮಾಡುವುದು. ನಮ್ಮಪ್ಪನ ನಾಲಗೆಗೆ ಈ ಳಕಾರ ಲಕಾರಗಳ ಗೊಡವೆಯೇ ಇರಲಿಲ್ಲ. ಯಾರಾದರೂ ಕೇಳಿದರೆ, “ನಮ್ಮ ನಂಜಪ್ಪ ಮದ್ರಾಸ್‌ನಾಗೆ ಸತ್ತ ಹಿಡಿಯೋ ವೇಲೆ ಮಾಡ್ತಾನೆ” ಎನ್ನುತ್ತಿದ್ದ. ತಮಿಳಿನಲ್ಲಿ ‘ಸತ್ತ’ ಎಂದರೆ ಸದ್ದು, ‘ವೇಲೆ’ ಎಂದರೆ ಕೆಲಸ. ಕೇಳಿದವರು ಕನ್ನಡದವರಾದರೆ ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ತಮಿಳರು ಮಾತ್ರ, “ಮೈಕ್‌ಸೆಟ್ಟಾ?” ಎಂದು ಕೇಳುತ್ತಿದ್ದರು. “ಅಂಗೇ ಇರ್ಬೇಕು. ಆದ್ರೆ ದೊಡ್ಡ ಮೈಕ್‌ಸೆಟ್ಟು” ಎಂದು ಅಪ್ಪ ಮಗನ ಮಾನ ಕಾಪಾಡುತ್ತಿದ್ದ.

ಅವ್ವನ ಲೆಕ್ಕಾಚಾರವೇ ಬೇರೆ. ನಾನು ಏಳು ವರ್ಷ ಒಬ್ಬ ಹಿರಿಯ ಛಾಯಾಗ್ರಾಹಕರ ಕೈಕೆಳಗೆ ಸಹಾಯಕನಾಗಿದ್ದೆ. ಕ್ಯಾಮೆರಾದಿಂದ ನಟನಟಿಯರ ಮೂಗಿನ ತುದಿಯವರೆಗೆ ಎಷ್ಟು ಅಡಿ ಇದೆಯೆಂದು ಟೇಪು ಹಿಡಿದು ಅಳೆಯುವುದು ಆಗ ನನ್ನ ಮುಖ್ಯ ಕಸುಬು. ಅಳತೆ ತಪ್ಪಿದರೆ ಮುಖ ಮಸುಕಾಗುತ್ತದೆ. ದೊಡ್ಡ ದೊಡ್ಡ ನಟಿಯರಿಗೆ ಟೇಪು ಹಿಡಿಯುತ್ತೇನೆ ಎಂದು ಹೆಮ್ಮೆಯಿಂದ ಒಂದು ಕಾಗದ ಬರೆದೆ. ಅದನ್ನು ಓದಿಸಿಕೊಂಡ ಅವ್ವ, ಮಗ ಸಿನಿಮಾದವರಿಗೆ ರವಿಕೆ ಹೊಲಿಯುತ್ತಾನೆ ಎಂದು ನಿರ್ಧರಿಸಿ ನೆಮ್ಮದಿಯಾಗಿಬಿಟ್ಟಳು. ಮುಂದಿನ ಸಲ ಊರಿಗೆ ಹೋದಾಗ ಪಕ್ಕದ ಮನೆಯ ಹೆಂಗಸು ಬಟ್ಟೆ ತಂದು ನನ್ನ ಮುಂದಿಟ್ಟು, “ಕೈ ಸ್ವಲ್ಪ ಸಡಿಲ ಇರಲಿ ತಂಬಿ” ಎಂದರು.

ಹೀಗಿರುವಾಗ ನನ್ನ ಗುರುಗಳಿಗೆ ಕಾಮಾಲೆಯಾಯಿತು. ಅವರು ಒಪ್ಪಿಕೊಂಡಿದ್ದ ಒಂದು ಸಣ್ಣ ತಮಿಳು ಚಿತ್ರದ ಚಿತ್ರೀಕರಣ ನೆಗಮಂ ಹತ್ತಿರದ ಒಂದು ಹಳ್ಳಿಯಲ್ಲಿ ಶುರುವಾಗುವುದಿತ್ತು. ಆಸ್ಪತ್ರೆಯ ಮಂಚದ ಮೇಲೆ ಕೂತು, ಹಳದಿ ಕಣ್ಣಿನಿಂದ ನನ್ನನ್ನು ನೋಡಿ, “ನಂಜಪ್ಪಾ, ಈ ಪಡ ನೀನೇ ಮಾಡು. ನನ್ನ ಹೆಸರು ಕೆಡಿಸಬೇಡ, ಯಾಕಂದ್ರೆ ಇದರಲ್ಲಿ ನಿನ್ನ ಹೆಸರೇ ಬರೋದು” ಎಂದರು. ‘ಪಡ’ ಎಂದರೆ ತಮಿಳಿನಲ್ಲಿ ಸಿನಿಮಾ. ನನಗೆ ಅಳು ಬಂತು. ಅವರ ಕಾಲಿಗೆ ಬಿದ್ದೆ. ಗುರುವಿನ ಕಾಮಾಲೆಗೆ ಒಳಗೊಳಗೇ ಕೃತಜ್ಞನಾದ ಪಾಪಿ ನಾನೊಬ್ಬನೇ ಇರಬೇಕು.

ಆ ಚಿತ್ರದಲ್ಲಿ ಒಂದು ದೃಶ್ಯವಿತ್ತು. ಮಗಳನ್ನು ಗಂಡನ ಮನೆಗೆ ಕಳಿಸಿದ ತಾಯಿ, ಬಾಗಿಲಿನಿಂದ ಹೊರಬಂದು, ಸುಣ್ಣ ಬಳಿದ ಗೋಡೆಯ ಉದ್ದಕ್ಕೂ ಕೈಯಾಡಿಸುತ್ತ ನಡೆದು, ಕೊನೆಯಲ್ಲಿ ಕುಸಿದು ಅಳಬೇಕು. ತಾಯಿಯ ಪಾತ್ರ ಮಾಡಿದವರು ನಾಟಕದ ಕಂಪನಿಗಳಲ್ಲಿ ಸವೆದು ಬಂದಿದ್ದ ಒಬ್ಬ ಹಿರಿಯ ಹೆಂಗಸು. ಎಲ್ಲರೂ ಅವರನ್ನು ‘ಪಾಟಿ’, ಅಂದರೆ ಅಜ್ಜಿ ಎಂದೇ ಕರೆಯುತ್ತಿದ್ದರು. ಅಳುವುದಕ್ಕೆ ಕಣ್ಣಿಗೆ ಗ್ಲಿಸರಿನ್ ಹಾಕಲು ಹೋದರೆ, “ಅದು ಬೇಡಪ್ಪ. ಒಂದು ಸಲ ಅಳ್ತೀನಿ. ಸರಿಯಾಗಿ ಪಿಡಿದುಕೋ” ಎಂದರು. ಅವರು ಧಾರವಾಡದ ಕಡೆಯ ಕಂಪನಿಯೊಂದರಲ್ಲೂ ಕೆಲವು ವರ್ಷ ಇದ್ದರಂತೆ, ಹಾಗಾಗಿ ನನ್ನೊಡನೆ ಮುರುಕು ಕನ್ನಡ ಮಾತಾಡುತ್ತಿದ್ದರು.

ಸಂಜೆಯ ಬಿಸಿಲಿನಲ್ಲಿ ತೆಗೆಯಬೇಕು. ತಾಲೀಮು ಮಾಡುವಾಗ ಸೂರ್ಯ ಮೋಡದ ಹಿಂದಿದ್ದ. ನಾನು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಪಾಟಿ ನಡೆದಂತೆ ಅದನ್ನು ಮೆಲ್ಲನೆ ಬಲಕ್ಕೆ ತಿರುಗಿಸುತ್ತ ಎಲ್ಲ ಸರಿಯಿದೆಯೆಂದು ನೋಡಿಕೊಂಡೆ. ನಿರ್ದೇಶಕರು ‘ಆಕ್ಷನ್’ ಎಂದರು. ಪಾಟಿ ಬಾಗಿಲಿನಿಂದ ಬಂದರು. ನಡೆದರು. ಗೋಡೆಯನ್ನು ಮುಟ್ಟಿದ ಆ ಕೈ ಮಗಳ ಬೆನ್ನನ್ನು ಮುಟ್ಟಿದ ಹಾಗಿತ್ತು. ಅಷ್ಟರಲ್ಲಿ ಮೋಡ ಸರಿದು ಸೂರ್ಯ ಸರಿಯಾಗಿ ನನ್ನ ಬೆನ್ನಿಗೆ ಬಂದ. ಪಾಟಿ ಗೋಡೆಯ ಕೊನೆಗೆ ಬಂದು ಕುಸಿದು, ಸದ್ದಿಲ್ಲದೆ ಅಳತೊಡಗಿದರು. ಅವರ ತಲೆಯ ಪಕ್ಕದಲ್ಲೇ, ಆ ಬೆಳ್ಳನೆಯ ಗೋಡೆಯ ಮೇಲೆ, ಒಂದು ಮುಕ್ಕಾಲಿ, ಒಂದು ಕ್ಯಾಮೆರಾ, ಅದಕ್ಕೆ ಕಣ್ಣಿಟ್ಟು ಸೊಂಟ ಓರೆಮಾಡಿ ಒಂಟಿಕಾಲಿನಲ್ಲಿ ನಿಂತ ಒಬ್ಬ ಮನುಷ್ಯ, ಇಷ್ಟೂ ನೆರಳು ಸ್ಪಷ್ಟವಾಗಿ ಬಿದ್ದಿತ್ತು. ಒಂದು ಕಾಲನ್ನು ಇನ್ನೊಂದಕ್ಕೆ ಸುತ್ತಿಕೊಂಡು ನಿಲ್ಲುವುದು ನನಗೆ ಹುಟ್ಟಿದಾಗಿನಿಂದ ಬಂದ ಚಟ.

ಆ ಕಾಲದಲ್ಲಿ ಈಗಿನ ಹಾಗೆ ಪಕ್ಕದಲ್ಲಿ ಟೀವಿ ಇಟ್ಟುಕೊಂಡು ಹತ್ತು ಜನ ನೋಡುವ ಪದ್ಧತಿ ಇರಲಿಲ್ಲ. ಕ್ಯಾಮೆರಾದೊಳಗೆ ಏನು ಬಿತ್ತೆಂಬುದು ಕಣ್ಣಿಟ್ಟವನೊಬ್ಬನಿಗೇ ಗೊತ್ತು. ‘ಕಟ್’ ಎಂದ ನಿರ್ದೇಶಕರು ನನ್ನ ಕಡೆ ತಿರುಗಿದರು. ನಿರ್ಮಾಪಕರೂ ತಿರುಗಿದರು. ಲೈಟಿನವರು, ಅಡುಗೆಯವರು, ನೋಡಲು ಬಂದಿದ್ದ ಅರ್ಧ ಊರು ತಿರುಗಿತು. “ಓಕೆಯಾ ನಂಜಪ್ಪಾ?” ಪಾಟಿ ಇನ್ನೂ ಗೋಡೆಗೆ ಒರಗಿ ಕೂತೇ ಇದ್ದರು. ಕಟ್ ಎಂದಮೇಲೂ ಅವರ ಅಳು ನಿಂತಿರಲಿಲ್ಲ. ನಾನು, “ಓಕೆ ಸಾರ್” ಎಂದೆ.

ಫಿಲ್ಮು ಮದ್ರಾಸಿನ ಲ್ಯಾಬಿನಲ್ಲಿ ತೊಳೆದು ಬಂದಾಗ ಗುಟ್ಟು ರಟ್ಟಾಯಿತು. ನಿರ್ದೇಶಕರು, “ನಟನೆ ಮಾಡೋ ಆಸೆಯಿದ್ರೆ ಮೊದಲೇ ಹೇಳಬಾರದಿತ್ತೇನಯ್ಯ, ವೇಷ ಹಾಕಿಸ್ತಿದ್ದೆ” ಎಂದರು. ಸಂಕಲನ ಮಾಡುತ್ತಿದ್ದವರು ಹಾಸನದ ಕಡೆಯವರು. ನನಗೆ ಕನ್ನಡದ ಅಕ್ಷರ ತಿದ್ದಿಸಿದವರೂ ಅವರೇ. ಅವರಿಲ್ಲದಿದ್ದರೆ ಈ ಲೇಖನವನ್ನು ನೀವು ತಮಿಳಿನಲ್ಲಿ ಓದಬೇಕಾಗುತ್ತಿತ್ತು. ಅವರು ಆ ತುಂಡನ್ನು ನಾಲ್ಕು ಸಲ ಹಿಂದೆಮುಂದೆ ಓಡಿಸಿ ನೋಡಿ, “ಛಾಯಾಗ್ರಾಹಕ ಅಂದರೆ ನೆರಳು ಹಿಡಿಯೋನು, ನಿಜ. ಆದರೆ ಬೇರೆಯವರ ನೆರಳು ಕಣಪ್ಪಾ” ಎಂದರು. ಆಮೇಲೆ ನಿರ್ದೇಶಕರಿಗೆ, “ಇದನ್ನ ಕತ್ತರಿಸೋಕೆ ನನ್ನ ಕೈ ಬರೋದಿಲ್ಲ. ಆಯಮ್ಮನ ಮುಖ ನೋಡಿ. ಅದನ್ನ ಬಿಟ್ಟು ಗೋಡೆ ನೋಡೋ ಕಲ್ಲೆದೆಯವರು ಯಾರಿದ್ದಾರೆ?” ಎಂದರು. ತುಂಡು ಉಳಿಯಿತು. ನೆರಳೂ ಉಳಿಯಿತು. ನಾನು ಮಾತ್ರ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಮನೆಯಲ್ಲಿ ನನಗೆ ಹೆಣ್ಣು ನೋಡತೊಡಗಿದ್ದರು. ಇಲ್ಲಿ ಕೆಲಸದ ಹೆಸರು ಮತ್ತೆ ಅಡ್ಡಬಂತು. ಮೈಕ್‌ಸೆಟ್ಟಿನವನೂ ದರ್ಜಿಯೂ ಏಕಕಾಲಕ್ಕೆ ಆಗಿರುವ ವರನನ್ನು ಎರಡು ಮನೆಯವರು ಬೇಡವೆಂದರು. ಸಿನಿಮಾ ಎಂದು ಸರಿಯಾಗಿ ತಿಳಿದ ಮೂರನೆಯವರು ಇನ್ನೂ ಬೇಗ ಬೇಡವೆಂದರು. ಕೊನೆಗೆ ಕೊಯಮತ್ತೂರಿನಲ್ಲಿ ಒಂದು ಸಂಬಂಧ ಬಂತು. ಹುಡುಗಿಯ ತಂದೆ ಚೆನ್ನಪ್ಪನವರು ಗಣಿತದ ಮೇಷ್ಟ್ರು. ಹುಡುಗಿ ರುಕ್ಮಿಣಿ ಕೂಡ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಇಂಥ ಮನೆಯಲ್ಲಿ ನಾನು ಒಪ್ಪಿಗೆಯಾಗುತ್ತೇನೆಂಬ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಕಾಫಿ ತಂದಿಟ್ಟ ರುಕ್ಮಿಣಿ, ಕಿಟಕಿಯ ಬಿಸಿಲು ನನ್ನ ಕಣ್ಣಿಗೆ ಹೊಡೆಯುತ್ತಿದ್ದುದನ್ನು ಕಂಡು, ಪರದೆಯನ್ನು ಒಂದು ಗೇಣು ಎಳೆದಳು. ಸರಿಯಾಗಿ ಎಷ್ಟು ಬೇಕೋ ಅಷ್ಟೇ. ಏಳು ವರ್ಷ ಬೆಳಕಿನ ಜೊತೆ ಹೆಣಗಿದವನು ನಾನು. ಆ ಒಂದು ಗೇಣಿಗೆ ಸೋತುಹೋದೆ.

ಚೆನ್ನಪ್ಪನವರು ಕನ್ನಡಕ ಏರಿಸಿ ವಿಚಾರಣೆ ಶುರುಮಾಡಿದರು. “ತಂಬಿ, ನೀವು ಸಿನಿಮಾದಾಗೆ ಏನ್ ವೇಲೆ ಮಾಡ್ತೀರಿ, ಸರಿಯಾಗಿ ಹೇಳಿ. ನಿಮ್ಮಪ್ಪಾರು ಮೈಕ್ ಅಂದ್ರು, ನಿಮ್ಮವ್ವ ರವಿಕೆ ಅಂದ್ರು.”

“ಕ್ಯಾಮೆರಾಮನ್‌ಉಂಗ” ಎಂದೆ. ನಮ್ಮ ಕಡೆ ದೊಡ್ಡವರೊಡನೆ ಮಾತಾಡುವಾಗ ಕೊನೆಗೊಂದು ‘ಉಂಗ’ ಸೇರಿಸದಿದ್ದರೆ ಹೆಣ್ಣಿರಲಿ, ನೀರೂ ಕೊಡುವುದಿಲ್ಲ.

“ಪಡದಾಗೆ ಹೆಸರು ಬರುತ್ತಾ?”

“ಬರುತ್ತದೆಉಂಗ. ತಿರುಪ್ಪೂರಲ್ಲಿ ಓಡ್ತಾ ಇದೆ.”

“ಹಂಗಾದ್ರೆ ಸರಿ. ನಾನು ಲೆಕ್ಕದ ವಾದ್ಯಾರು, ರುಜುವಾತು ಇಲ್ಲದೆ ಉತ್ತರ ಒಪ್ಪೋದಿಲ್ಲ. ಎಲ್ಲಾರೂ ಹೋಗಿ ನೋಡಾಣ. ಹೆಸರು ನೋಡಿದ ಮೇಲೆ ಮಾತಾಡಾಣ.”

ಹೀಗೆ ನನ್ನ ಮದುವೆಯ ಮಾತುಕತೆ ತಿರುಪ್ಪೂರಿನ ಒಂದು ಟಾಕೀಸಿಗೆ ವರ್ಗವಾಯಿತು. ಒಂದು ಭಾನುವಾರದ ಮ್ಯಾಟಿನಿಗೆ ತಂದೆ, ತಾಯಿ, ಮಗಳು ಮೂವರೂ ಕೊಯಮತ್ತೂರಿನಿಂದ ಬಂದರು, ನಾವು ಮೂವರು ಕುನ್ನತ್ತೂರಿನಿಂದ ಹೋದೆವು. ಅವ್ವ ಸೆರಗಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ಬಂದಿದ್ದಳು. ಹೆಣ್ಣಿನ ಕಡೆಯವರು ಎಡಕ್ಕೆ, ಗಂಡಿನ ಕಡೆಯವರು ಬಲಕ್ಕೆ, ನಡುವೆ ಗಡಿಕಲ್ಲಿನ ಹಾಗೆ ನಾನು. ದೀಪ ಆರಿತು. ಹೆಸರುಗಳು ಬರತೊಡಗಿದವು. ಚೆನ್ನಪ್ಪನವರು ಕನ್ನಡಕ ಒರೆಸಿ ಹಾಕಿಕೊಂಡು ಮುಂದಕ್ಕೆ ಬಾಗಿದರು. ಕಥೆ ಬಂತು. ಸಂಗೀತ ಬಂತು. ಸಂಕಲನ ಬಂತು. ‘ಇದರ ಮುಂದಿನದು ನಂದೇ’ ಎಂದು ನಾನು ಬಾಯಿ ತೆರೆದೆ, ಕರೆಂಟು ಹೋಯಿತು.

ಟಾಕೀಸೆಲ್ಲ ಸಿಳ್ಳೆಯಿಂದ ತುಂಬಿಹೋಯಿತು. ಆ ಕತ್ತಲಲ್ಲಿ ಅವ್ವ ಎಲ್ಲರಿಗೂ ಸಮನಾಗಿ ಕಡಲೆಕಾಯಿ ಹಂಚಿದಳು. ಹತ್ತು ನಿಮಿಷದ ಮೇಲೆ ಕರೆಂಟು ಬಂತು. ತಡವಾಯಿತೆಂದು ಆಪರೇಟರು ಫಿಲ್ಮನ್ನು ಮುಂದಕ್ಕೆ ಸುತ್ತಿ ನೇರವಾಗಿ ನಾಯಕನನ್ನು ಬುಲೆಟ್ಟಿನ ಮೇಲೆ ಕೂರಿಸಿಬಿಟ್ಟಿದ್ದ. ನನ್ನ ಹೆಸರು ಡಬ್ಬದೊಳಗೆ ಸುಖವಾಗಿ ಮಲಗಿತ್ತು. ಚೆನ್ನಪ್ಪನವರು ನನ್ನ ಕಡೆ ತಿರುಗಿ, ಶಾಲೆಗೆ ಪುಸ್ತಕ ಮರೆತು ಬಂದ ಹುಡುಗನನ್ನು ನೋಡುವ ಹಾಗೆ ನೋಡಿದರು. “ಹೆಸರು ಬರಲಿಲ್ವಲ್ಲ ತಂಬಿ.”

“ಕರೆಂಟು ಹೋಯ್ತಲ್ಲಉಂಗ.”

“ಎಲ್ಲಾ ಹುಡುಗ್ರೂ ಅದೇ ಹೇಳ್ತಾರೆ” ಎಂದು ಅವರು ಪರದೆಯ ಕಡೆ ತಿರುಗಿದರು.

ಮುಂದಿನ ಒಂದೂವರೆ ಗಂಟೆ ನಾನು ಅನುಭವಿಸಿದ ಸಂಕಟವನ್ನು ಬರೆಯುವುದು ಕಷ್ಟ. ಹೆಸರು ಹೋಯಿತು, ಮದುವೆ ಹೋಯಿತು ಎಂದು ಒಂದು ಕಡೆ. ಆ ಗೋಡೆಯ ದೃಶ್ಯ ಬರಲಿದೆ, ಉಳಿದಿರುವ ಮಾನವೂ ಹೋಗಲಿದೆ ಎಂದು ಇನ್ನೊಂದು ಕಡೆ. ಬಂದೇ ಬಂತು. ಪಾಟಿ ಬಾಗಿಲಿನಿಂದ ಹೊರಬಂದರು. ಟಾಕೀಸಿನಲ್ಲಿ ಕೆಮ್ಮು ನಿಂತಿತು. ಅವರು ಗೋಡೆ ಸವರುತ್ತ ನಡೆದು ಕುಸಿದಾಗ ಸುತ್ತಮುತ್ತ ಹೆಂಗಸರು ಮೂಗೊರೆಸುವ ಸದ್ದು ಕೇಳಿಸಿತು. ಯಾರೂ ಗೋಡೆಯನ್ನು ನೋಡುತ್ತಿಲ್ಲ, ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ಬಲಗಡೆಯಿಂದ ಅವ್ವ ಎದ್ದು ನಿಂತು, ಪರದೆಗೆ ಕೈ ತೋರಿಸಿ, ಟಾಕೀಸು ಅದುರುವ ಹಾಗೆ ಕೂಗಿದಳು:

“ಅಯ್ಯೋ, ನಮ್ಮ ನಂಜಪ್ಪ! ನೋಡಿ, ಗೋಡೆ ಮೇಲೆ! ಕೊಕ್ಕರೆ ಹಂಗೆ ಒಂಟಿಕಾಲ್ನಾಗೆ ನಿಂತವ್ನೆ! ಹಾಲು ಕರೆಯೋವಾಗ ದನ ಹಿಡ್ಕೊಂಡು ಹಿಂಗೇ ನಿಲ್ತಿದ್ದ!”

ಅಳುತ್ತಿದ್ದ ಟಾಕೀಸು ಒಮ್ಮೆಗೇ ನಕ್ಕಿತು. ಅಪ್ಪ ಅವ್ವನ ಸೆರಗು ಹಿಡಿದೆಳೆದು ಕೂರಿಸಿದ. ನಾನು ಸೀಟಿನಲ್ಲಿ ಎಷ್ಟು ಇಳಿಯಬಹುದೋ ಅಷ್ಟೂ ಇಳಿದೆ. ಎಡಗಡೆ ನೋಡುವ ಧೈರ್ಯವಾಗಲಿಲ್ಲ.

ಚಿತ್ರ ಮುಗಿದು ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಚೆನ್ನಪ್ಪನವರು ನನ್ನನ್ನು ಟಾಕೀಸಿನ ಪಕ್ಕದ ಗೋಡೆಯ ಬಳಿ ಕರೆದೊಯ್ದರು. “ಇಲ್ಲಿ ನಿಲ್ಲಿ ತಂಬಿ. ಕ್ಯಾಮೆರಾ ಇದೆ ಅಂತ ಇಟ್ಕೊಳ್ಳಿ.” ಬೀಡಾ ಅಂಗಡಿಯವನು, ಸೈಕಲ್ ಸ್ಟ್ಯಾಂಡಿನವನು, ಮುಂದಿನ ಆಟಕ್ಕೆ ಸಾಲು ನಿಂತಿದ್ದವರು, ಎಲ್ಲರೂ ನೋಡತೊಡಗಿದರು. ನಾನು ಇಲ್ಲದ ಕ್ಯಾಮೆರಾಕ್ಕೆ ಒಂದು ಕಣ್ಣಿಟ್ಟು, ಇನ್ನೊಂದು ಮುಚ್ಚಿ ನಿಂತೆ. ಈ ಸಲವಾದರೂ ನೆಟ್ಟಗೆ ನಿಲ್ಲಬೇಕೆಂದು ಪ್ರಯತ್ನಪಟ್ಟೆ. ಸ್ವಲ್ಪ ಹೊತ್ತಿಗೆ ಕಾಲು ತಾನಾಗಿ ಇನ್ನೊಂದು ಕಾಲಿಗೆ ಸುತ್ತಿಕೊಂಡಿತು, ಸೊಂಟ ಓರೆಯಾಯಿತು. ಮೇಷ್ಟ್ರು ಗೋಡೆಯ ಮೇಲಿನ ನೆರಳನ್ನು ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ಪರೀಕ್ಷಿಸಿ, “ಸರಿಯಾಗಿ ಹೊಂದುತ್ತೆ” ಎಂದು ತೀರ್ಪು ಕೊಟ್ಟರು. “ಹೆಸರು ಯಾರು ಬೇಕಾದ್ರೂ ಬರೆಸಿಕೊಳ್ಳಬಹುದು. ಇದು ಬಲವಾದ ರುಜುವಾತು. ಪಡ ಇವ್ರೇ ಪಿಡಿದಿರೋದು.”

ಅಪ್ಪನ ಮುಖ ಅರಳಿತು. “ಅಂದ್ರೆ ಮೈಕ್‌ಸೆಟ್ಟಲ್ವಾ?” ಎಂದು ಮೆಲ್ಲಗೆ ಅವ್ವನನ್ನು ಕೇಳಿದ.

ಎಲ್ಲ ಮುಗಿಯಿತೆಂದುಕೊಂಡೆ. ಆಗ ರುಕ್ಮಿಣಿ ಬಾಯಿ ತೆರೆದಳು. “ಅಪ್ಪಾ, ನಂಗೆ ಒಂದು ಕೇಳಬೇಕು.” ನನ್ನ ಕಡೆ ತಿರುಗಿ, “ಅದು ತಪ್ಪು ತಾನೇ? ನೆರಳು ಬೀಳಬಾರದು ತಾನೇ?” ಎಂದಳು.

“ಬೀಳಬಾರದು.”

“ಬಿದ್ದಿದ್ದು ನಿಮಗೆ ಆವಾಗ್ಲೇ ಗೊತ್ತಾಯ್ತಾ?”

ಗೊತ್ತಾಗಲಿಲ್ಲ ಎನ್ನಬಹುದಿತ್ತು. ಹಾಗೆಂದರೆ ದಡ್ಡನಾಗುತ್ತೇನೆ, ಆದರೆ ಯೋಗ್ಯನಾಗಿ ಉಳಿಯುತ್ತೇನೆ. ಒಂದು ಗೇಣು ಪರದೆ ಎಳೆದವಳ ಮುಂದೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಗೊತ್ತಾಯ್ತು” ಎಂದೆ.

“ಆದ್ರೂ ಸರಿಯಾಗಿದೆ ಅಂದ್ರಾ?”

“ಅಂದೆ. ಆಯಮ್ಮ ನಿಜವಾಗಿ ಅಳ್ತಿದ್ರು. ಇನ್ನೊಂದು ಸಲ ಅಳಿ ಅಂತ ಹೇಳೋಕೆ ನಂಗೆ ಆಗಲಿಲ್ಲ.” ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯನಾಗಿಬಿಡುತ್ತಿದ್ದೆ. ಆದರೆ ಅವಳು ಕಣ್ಣು ಕದಲಿಸಲಿಲ್ಲ. “ಅದು ಅರ್ಧ. ಇನ್ನರ್ಧ ಭಯ. ಮೊದಲನೇ ಪಡ. ತಪ್ಪಾಯ್ತು ಅಂದ್ರೆ ಕಳಿಸಿಬಿಡ್ತಾರೆ ಅಂತ ಹೆದರಿದೆ.”

ಬೀಡಾ ಅಂಗಡಿಯವನೂ ಸುಣ್ಣ ಸವರುವುದನ್ನು ನಿಲ್ಲಿಸಿದ್ದ. ರುಕ್ಮಿಣಿ, “ನಮ್ಮ ಸ್ಕೂಲಲ್ಲಿ ಪ್ರಯೋಗ ತಪ್ಪಾದ್ರೆ ಹುಡುಗೀರು ಉತ್ತರ ಮಾತ್ರ ಸರಿ ಬರೆದು ತರ್ತಾರೆ. ಯಾಕೆ ತಪ್ಪಾಯ್ತು ಅಂತ ಬರೆದು ತಂದವಳು ಇದುವರೆಗೂ ಒಬ್ಬಳೇ. ಅವಳಿಗೆ ನಾನು ಪೂರ್ತಿ ಮಾರ್ಕು ಕೊಟ್ಟೆ” ಎಂದಳು. ಆಮೇಲೆ ತಂದೆಯ ಕಡೆ ತಿರುಗಿ, “ನಂಗೆ ಸರೀಪ್ಪಾ” ಎಂದಳು.

ಅವ್ವ ಅಲ್ಲೇ, ಸೈಕಲ್ ಸ್ಟ್ಯಾಂಡಿನ ಎದುರು, ಅವಳ ಮುಡಿಗೆ ಹೂವು ಮುಡಿಸಿದಳು. ಅಪ್ಪ ಎಲ್ಲರಿಗೂ ಗೋಲಿಸೋಡಾ ಕುಡಿಸಿದ. ಆ ಸಂಜೆ ಕುನ್ನತ್ತೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹಿಂದಕ್ಕೆ ಓಡುತ್ತಿದ್ದ ಜೋಳದ ಹೊಲಗಳ ಮೇಲಿನ ಕೊನೆಯ ಬೆಳಕನ್ನು ನೋಡುತ್ತ ಬಂದೆ. ಅವತ್ತು ಮೊದಲ ಸಲ ಅದನ್ನು ಅಳೆಯಬೇಕು, ಹಿಡಿಯಬೇಕು ಅನ್ನಿಸಲಿಲ್ಲ. ಸುಮ್ಮನೆ ಚೆನ್ನಾಗಿದೆ ಅನ್ನಿಸಿತು. ಮಾರನೆಯ ವಾರ ಗುರುಗಳನ್ನು ಕಂಡು ನಡೆದದ್ದೆಲ್ಲ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, “ನನ್ನ ಮೊದಲನೇ ಪಡದಲ್ಲಿ ನನ್ನ ಕೈಗಡಿಯಾರ ಮಹಾರಾಜರ ಕನ್ನಡಿಯಲ್ಲಿ ಕಾಣುತ್ತೆ. ಇದುವರೆಗೂ ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ” ಎಂದರು. ಇಷ್ಟು ವರ್ಷ ನಾನೂ ಹೇಳಿರಲಿಲ್ಲ. ಈಗ ಅವರಿಲ್ಲ, ಇದ್ದಿದ್ದರೆ ಕ್ಷಮಿಸುತ್ತಿದ್ದರು.

ಮದುವೆ ಆ ವರ್ಷವೇ ಆಯಿತು. ಆಗ ಮದುವೆಗೆ ವಿಡಿಯೋ ತೆಗೆಸುವುದು ಹೊಸ ಶೋಕಿ. ಮಾವನವರು ಹಟಹಿಡಿದು ಕೊಯಮತ್ತೂರಿನಿಂದ ಒಬ್ಬ ವಿಡಿಯೋದವನನ್ನು ಕರೆಸಿದ್ದರು. ಆತ ಬಂದವನೇ ಎಮ್ಮೆಯ ಕಣ್ಣಿನಂಥ ದೊಡ್ಡ ಲೈಟನ್ನು ರುಕ್ಮಿಣಿಯ ಮುಖಕ್ಕೆ ನೇರವಾಗಿ ಬಿಟ್ಟ. ಮೂಗು ಕಾಣದೆ ಮೂಗುತಿ ಒಂದೇ ಹೊಳೆಯತೊಡಗಿತು. ಮಂಟಪದಲ್ಲಿ ಕೂತ ನನಗೆ ಮೈಯೆಲ್ಲ ತುರಿಕೆ. ‘ಸ್ವಲ್ಪ ಎಡಕ್ಕೆ’ ಎಂದು ಕಣ್ಸನ್ನೆ ಮಾಡಿದೆ. ಅವನಿಗೆ ಅರ್ಥವಾಗಲಿಲ್ಲ. ‘ಮೇಲಕ್ಕೆತ್ತು’ ಎಂದು ಹುಬ್ಬಿನಲ್ಲಿ ಹೇಳಿದೆ. ಅವನು ನಮಸ್ಕಾರ ಮಾಡಿದ. ಪುರೋಹಿತರು ತಾಳಿ ಕೈಗಿತ್ತು, “ಗೆಟ್ಟಿಮೇಳ!” ಎಂದು ಕೂಗಿದರು. ನಾನು, “ಒಂದು ನಿಮಿಷ” ಎಂದೆ. ಇಡೀ ಮಂಟಪ ಉಸಿರು ಹಿಡಿಯಿತು. ವರ ಮನಸ್ಸು ಬದಲಾಯಿಸಿದನೋ ಎಂದು ಮಾವನವರು ಎದ್ದು ನಿಂತರು. ರುಕ್ಮಿಣಿ ತಲೆ ಬಗ್ಗಿಸಿಕೊಂಡೇ, ನನಗೊಬ್ಬನಿಗೇ ಕೇಳುವ ಹಾಗೆ, “ಮೊದಲು ತಾಳಿ ಕಟ್ಟಿ. ಲೈಟು ಆಮೇಲೆ ನೋಡಾಣ” ಎಂದಳು. ಕಟ್ಟಿದೆ. ಆದರೆ ಹಾಳು ಚಟ, ಒಂದು ಕೈಯಲ್ಲಿ ತಾಳಿ ಹಿಡಿದು ಇನ್ನೊಂದು ಕೈಯನ್ನು ಎತ್ತಿ, ಹಿಂದೆ ಸರಿಯಪ್ಪ ಎಂದು ಅವನಿಗೆ ಸನ್ನೆ ಮಾಡಿಯೇಬಿಟ್ಟೆ.

ಆ ಕ್ಯಾಸೆಟ್ಟು ಈಗಲೂ ನಮ್ಮ ಮನೆಯಲ್ಲಿದೆ. ನಾದಸ್ವರ ಏರುತ್ತದೆ, ಅಕ್ಷತೆ ಹಾರುತ್ತದೆ, ಸರಿಯಾಗಿ ತಾಳಿ ಕಟ್ಟುವ ಗಳಿಗೆಗೆ ಪರದೆಯ ತುಂಬ ನನ್ನ ಅಂಗೈ ಬಂದು ನಿಲ್ಲುತ್ತದೆ. ವಧು ಇಲ್ಲ, ವರ ಇಲ್ಲ, ತಾಳಿ ಇಲ್ಲ. ಆಯುಷ್ಯ ರೇಖೆಯಂತೂ ಬಹಳ ಸ್ಪಷ್ಟವಾಗಿದೆ. ಮನೆಗೆ ಬಂದ ನೆಂಟರು ಅದನ್ನು ನೋಡಿ, “ಅಯ್ಯೋ, ಮುಖ್ಯವಾದದ್ದೇ ಬಂದಿಲ್ವಲ್ಲ, ಯಾಕೆ?” ಎಂದು ಕೇಳುತ್ತಾರೆ. ರುಕ್ಮಿಣಿ ಕಾಫಿ ಲೋಟ ಮುಂದಿಡುತ್ತ, “ಕ್ಯಾಮೆರಾಮನ್ ಸರಿಯಿರಲಿಲ್ಲ” ಎನ್ನುತ್ತಾಳೆ. ಯಾವ ಕ್ಯಾಮೆರಾಮನ್ ಎಂದು ಅವಳು ಇದುವರೆಗೂ ಬಿಡಿಸಿ ಹೇಳಿಲ್ಲ. ಕೇಳುವ ಧೈರ್ಯ ನನಗೂ ಬಂದಿಲ್ಲ.